ಒಳಗೆ ಹೋದದ್ದು ಎಲ್ಲಿ ಹೋಯಿತು

ಜಗತ್ತಿನಲ್ಲಿ ನನಗೆ ಖಾತ್ರಿಯಾಗಿ ಗೊತ್ತಿರುವುದು ಒಂದೇ ಸಂಗತಿ. ಅದನ್ನೇ ಇಷ್ಟು ವರ್ಷ ತಿರುಗಿಸಿ ಮುರುಗಿಸಿ ಹೇಳುತ್ತ ಹೊಟ್ಟೆ ಹೊರೆದುಕೊಂಡು ಬಂದಿದ್ದೇನೆ. ಒಳಗೆ ಹೋದದ್ದು ಹೊರಗೆ ಬರಬೇಕು. ಬರಲಿಲ್ಲವೆಂದರೆ ಒಳಗೇ ಎಲ್ಲೋ ಕೂತಿರಬೇಕು. ಇಷ್ಟೇ. ದೊಡ್ಡವರು ಇದಕ್ಕೆ ದ್ರವ್ಯರಾಶಿಯ ಸಂರಕ್ಷಣೆ ಎನ್ನುತ್ತಾರೆ. ಹರಿಯುವ ನೀರಿಗೆ ಹಚ್ಚಿ ಹೇಳಿದಾಗ ಇದೇ ಸಂಗತಿಗೆ ಸಾತತ್ಯ ಸಮೀಕರಣ ಎಂಬ ಗಡುಸು ಹೆಸರು ಬರುತ್ತದೆ. ನಾನು ಮಾನ್ವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ದಿನಾ ಬೆಳಿಗ್ಗೆ ರಾಯಚೂರಿನಿಂದ ಬಸ್ಸಿನಲ್ಲಿ ಹೋಗಿ, ಇದನ್ನು ಹೇಳಿ, ಸಂಜೆ ಬಸ್ಸಿನಲ್ಲೇ ವಾಪಸು ಬರುತ್ತೇನೆ. ಬೆಳಿಗ್ಗೆ ಹೊರಬಿದ್ದ ನಾನು ಸಂಜೆ ಒಳಗೆ ಬಂದು ಬೀಳುವುದೂ ಈ ನಿಯಮದ ಪ್ರಕಾರವೇ ಎಂದು ನನ್ನ ಹೆಂಡತಿ ಸುಜಾತಾಳ ಅಭಿಪ್ರಾಯ. ಅವಳು ಕವಿತಾಳದವಳು, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ, ಭೌತಶಾಸ್ತ್ರದ ಮೇಲೆ ಅವಳಿಗೆ ಹೇಳಿಕೊಳ್ಳುವಂಥ ಗೌರವವಿಲ್ಲ.

ಪಾಠ ಶುರುವಾಗುವುದು ಒಂದು ಚಿತ್ರದಿಂದ. ಹಲಗೆಯ ಮೇಲೆ ಒಂದು ಪೈಪು ಬರೆಯುತ್ತೇನೆ, ಒಂದು ತುದಿ ಅಗಲ, ಇನ್ನೊಂದು ಇಕ್ಕಟ್ಟು. ನೀರು ಎಲ್ಲಿ ಜೋರಾಗಿ ಓಡುತ್ತದೆ ಎಂದು ಕೇಳುತ್ತೇನೆ. ಪ್ರತಿ ವರ್ಷವೂ ಇಡೀ ತರಗತಿ ಒಂದೇ ಬಾಯಲ್ಲಿ ಹೇಳುವ ಉತ್ತರ, "ಅಗಲ ಇದ್ದಲ್ಲಿ ಸರ್." ಮಕ್ಕಳು ಬದಲಾಗುತ್ತಾರೆ, ಉತ್ತರ ಬದಲಾಗುವುದಿಲ್ಲ. ದಾರಿ ಅಗಲವಾದರೆ ಓಡಬಹುದು, ಇಕ್ಕಟ್ಟಾದರೆ ನಿಧಾನಿಸಬೇಕು ಎಂಬುದು ಅವರು ಹುಟ್ಟಿದಾಗಿನಿಂದ ಕಂಡ ಸತ್ಯ. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ವಾದಕ್ಕೇ ಇಳಿದಳು. "ಬಸ್ಸಿನ ಬಾಗಲಾ ನೋಡ್ರಿ ಸರ್. ಬಸ್ ಸ್ಟ್ಯಾಂಡ್ ಇಷ್ಟ ದೊಡ್ಡದದ, ಎಲ್ಲಾರೂ ಓಡಿ ಬರ್ತಾರ. ಬಾಗಲದಾಗ ಬಂದ್ರ ಒಬ್ಬರೂ ಅಳ್ಳಾಡಂಗಿಲ್ಲ. ಅಲ್ಲಿ ಎಲ್ಲಿ ಜೋರ ಆಗ್ತದ್ರಿ?"

ಎಂಥ ಒಳ್ಳೆಯ ಪ್ರಶ್ನೆ. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸು ಬಂದು ನಿಂತ ಹೊತ್ತನ್ನು ನೆನೆಸಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಟವೆಲ್ಲು, ಚೀಲ, ಛತ್ರಿ ಎಲ್ಲ ಹೋಗಿ ಸೀಟು ಹಿಡಿದು ಕೂತುಬಿಟ್ಟಿರುತ್ತವೆ; ಅವುಗಳ ಮಾಲೀಕರು ಮಾತ್ರ ಬಾಗಿಲಲ್ಲಿ ಒಬ್ಬರನ್ನೊಬ್ಬರು ಅಪ್ಪಿಕೊಂಡು ನಿಂತಿರುತ್ತಾರೆ. ಗಬ್ಬೂರಿನಲ್ಲಿ ಇಳಿಯಬೇಕಾದವರು ಹತ್ತಲಾಗದೆ, ಗಬ್ಬೂರಿನಿಂದ ಬಂದವರು ಇಳಿಯಲಾಗದೆ, ಕಂಡಕ್ಟರು ಯಾರ ಪರವೂ ವಹಿಸಲಾಗದೆ ಕೂಗುತ್ತಿರುತ್ತಾನೆ. ಇದನ್ನು ದಿನಾ ನೋಡುವ ಮಕ್ಕಳಿಗೆ ಇಕ್ಕಟ್ಟಿನಲ್ಲಿ ವೇಗ ಹೆಚ್ಚುತ್ತದೆ ಎಂದರೆ ನಂಬಿಕೆ ಹುಟ್ಟುವುದು ಹೇಗೆ? ನಾನು ಅವಳಿಗೆ ಹೇಳಿದೆ: ಮನುಷ್ಯರಿಗೆ ಹಿಂದೆ ನಿಂತು ಕಾಯುವ ಸೌಲಭ್ಯ ಇದೆಯಮ್ಮ, ತುಂಬಿದ ಪೈಪಿನೊಳಗಿನ ನೀರಿಗೆ ಅದಿಲ್ಲ. ಹಿಂದಿನಿಂದ ಎಷ್ಟು ಬರುತ್ತದೋ ಅಷ್ಟೂ ಮುಂದೆ ಹೋಗಲೇಬೇಕು. ದಾರಿ ಸಣ್ಣದಾದರೆ ಓಡಿ ಹೋಗಬೇಕು, ಬೇರೆ ದಾರಿ ಇಲ್ಲ. ಅವಳು ಕೂತಳು, ಒಪ್ಪಿದ್ದಕ್ಕಿಂತ ಹೆಚ್ಚಾಗಿ ನನ್ನ ಮೇಲಿನ ಕರುಣೆಯಿಂದ.

ನನಗೂ ಇದು ಪುಸ್ತಕದಿಂದ ತಿಳಿದದ್ದಲ್ಲ. ನಮ್ಮ ಹಳ್ಳಿ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಗೆ ಹತ್ತಿರ. ಚಿಕ್ಕವನಿದ್ದಾಗ ಹರಗೋಲಿನಲ್ಲಿ ಆಚೆ ದಡಕ್ಕೆ ಹೋಗುವಾಗ ಒಂದು ವಿಷಯ ಗಮನಿಸಿದ್ದೆ. ಹೊಳೆ ಅಗಲವಾಗಿ ಹರಡಿಕೊಂಡ ಜಾಗದಲ್ಲಿ ಅಂಬಿಗರ ಮುದುಕ ಬೀಡಿ ಹಚ್ಚಿಕೊಂಡು ಸಂಸಾರದ ಮಾತು ತೆಗೆಯುತ್ತಿದ್ದ. ಬಂಡೆಗಳ ನಡುವೆ ಹೊಳೆ ಇಕ್ಕಟ್ಟಾಗುವ ಕಡೆಗೆ ಹೊರಳಿದರೆ ಬೀಡಿ ನೀರಿಗೆ, ಬಾಯಿ ಬಂದ್. ನೀರಿನ ವೇಗ ಎಷ್ಟೆಂದು ಅವನ ಬಾಯಿ ನೋಡಿ ಹೇಳಬಹುದಿತ್ತು.

ಇನ್ನು ದ್ರವ್ಯರಾಶಿಯ ಕಥೆ. ಬಹಳ ಹಿಂದೆ ದೂರದ ದೇಶಗಳಲ್ಲಿ ಕೆಲವರು ಮುಚ್ಚಿದ ಗಾಜಿನ ಬುರುಡೆಯಲ್ಲಿ ತವರ ಹಾಕಿ ಕಾಯಿಸಿದರು. ತವರ ಹೊಳಪು ಕಳೆದುಕೊಂಡು ಬೂದಿಯಂತಾಯಿತು. ಬುರುಡೆಯನ್ನು ತೂಗಿದರೆ ಮೊದಲಿನಷ್ಟೇ ತೂಕ. ರೂಪ ಹೋದರೂ ತೂಕ ಹೋಗಿರಲಿಲ್ಲ. ಇದನ್ನು ಮನೆಯಲ್ಲಿ ಉತ್ಸಾಹದಿಂದ ಹೇಳಿದಾಗ ಸುಜಾತಾ ಅಡುಗೆಮನೆಯಿಂದ ಶೇಂಗಾ ಹೋಳಿಗೆಯ ಡಬ್ಬಿ ತಂದು ನನ್ನ ಮುಂದೆ ತೆಗೆದು ತೋರಿಸಿದಳು. ಡಬ್ಬಿಯಲ್ಲಿ ಅಷ್ಟಿಷ್ಟು ಪುಡಿ ಉಳಿದಿತ್ತು. "ಇದರಾಗಿದ್ದದ್ದು ಜಗತ್ತಿನಾಗ ಎಲ್ಲೂ ಹೋಗಿಲ್ಲ ಅನ್ರಿ ಹಂಗಾರ," ಎಂದು ನನ್ನ ಹೊಟ್ಟೆಯ ಕಡೆ ನೋಡಿದಳು. ವಿಜ್ಞಾನ ಎಲ್ಲರಿಗೂ ತಿಳಿಯುವ ಹಾಗೆ ಇರಬೇಕು ಎಂದು ಭಾಷಣ ಮಾಡುವವನು ನಾನೇ ಆದ್ದರಿಂದ ಒಪ್ಪಿಕೊಂಡೆ.

ಸಮೀಕರಣದಲ್ಲಿ ಎಲ್ಲರೂ ಮರೆಯುವ ಭಾಗ ಇದೇ. ಒಳಬಂದದ್ದು, ಹೊರಹೋದದ್ದು, ಇವೆರಡನ್ನೇ ನೋಡುತ್ತೇವೆ. ಒಳಗೇ ಕೂಡಿಕೊಂಡದ್ದು ಎಂಬ ಮೂರನೆಯದೊಂದಿದೆ. ಪರೀಕ್ಷೆಗೆ ಬರುವುದಿಲ್ಲವೆಂದು ನಾನೂ ಅದನ್ನು ಬೇಗ ಬೇಗ ದಾಟಿಸಿಬಿಡುತ್ತಿದ್ದೆ.

ಈಗ ನಮ್ಮ ಯವ್ವನ, ಅಂದರೆ ನನ್ನ ತಾಯಿಯ, ವಿಷಯಕ್ಕೆ ಬರಬೇಕು. ಯವ್ವನ ಹೆಸರು ದುರ್ಗಮ್ಮ. ಹತ್ತಿ ಬಿಡಿಸಿ, ಕಳೆ ತೆಗೆದು, ಮಂದಿಯ ಹೊಲದಲ್ಲಿ ಬಗ್ಗಿದ ಬೆನ್ನು ಎತ್ತದೆ ನನ್ನನ್ನು ಓದಿಸಿದವಳು. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ನಮ್ಮ ಮನೆ ರಾಯಚೂರಿನ ಗುಡ್ಡದ ಬುಡದ ಓಣಿಯಲ್ಲಿ, ಏರಿನ ತುದಿಗೆ. ಮುಂದಿನ ಕೋಣೆಯಲ್ಲಿ ಬುದ್ಧನ ಒಂದು ಫೋಟೋ ಇದೆ. ಯವ್ವ ದಿನಾ ಅದನ್ನು ಸೆರಗಿನಿಂದ ಒರೆಸಿ, ಸಂಜೆ ಚೀಲ ಹಿಡಿದು ಏರು ಇಳಿದು ಬಜಾರಿಗೆ ಹೋಗಿ ಪುಂಡಿಪಲ್ಲೆಯೋ ಮೆಂತ್ಯೆಯೋ ತರುತ್ತಾಳೆ. ಮನೆಯಲ್ಲಿ ಪಲ್ಲೆ ಇದ್ದರೂ ಹೋಗುತ್ತಾಳೆ. ಇಳಿಯುವಾಗ ಸೀದಾ ಇಳಿಯುತ್ತಿದ್ದಳು. ಬರುವಾಗ ಮಾತ್ರ ಓಣಿಯ ಕಟ್ಟೆಗಳ ಮೇಲೆ ಕೂತು ಕೂತು ಬರುತ್ತಿದ್ದಳು.

ನಮ್ಮ ಕಡೆಯ ಹಳೆಯ ಮನೆಗಳ ಮುಂದೆ ಕಲ್ಲಿನ ಕಟ್ಟೆ ಇದ್ದೇ ಇರುತ್ತದೆ. ಅದು ಮನೆಯವರದೂ ಹೌದು, ಓಣಿಯವರದೂ ಹೌದು. ಯಾರು ಕೂತರೂ ಯಾಕೆ ಕೂತಿರಿ ಎಂದು ಕೇಳುವ ಪದ್ಧತಿ ಇಲ್ಲ. ಮೊದಲು ಯವ್ವ ಏರಿನ ನಡುವಿನ ಗಿರಣಿಯ ಕಟ್ಟೆಗೆ ಮಾತ್ರ ಕೂರುತ್ತಿದ್ದಳು. ಒಂದೆರಡು ವರ್ಷದಲ್ಲಿ ಅದಕ್ಕೂ ಕೆಳಗಿನ ಖಾಸಿಂಬಿಯ ಕಟ್ಟೆ ಸೇರಿತು. ಖಾಸಿಂಬಿ ಬಾಗಿಲಲ್ಲೇ ಮಷೀನು ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುವವಳು. ಆಮೇಲೆ ಮೇಲುಗಡೆಯ ಪದ್ಮಾವತಿಬಾಯಿಯವರ ಕಟ್ಟೆಯೂ ಸೇರಿತು. ಅವರು ನಿವೃತ್ತ ಶಿಕ್ಷಕಿ, ಮಾನ್ವಿಯಿಂದ ಬಂದ ವೈಷ್ಣವರ ಮನೆಯವರು. ಸಂಜೆ ಹೊತ್ತಿಗೆ ತುಳಸಿಯ ಮುಂದೆ ದೀಪ ಇಟ್ಟು, ಹೊರಗೆ ಬಂದು ಕೂರುತ್ತಿದ್ದರು.

ಕಟ್ಟೆ ಹೆಚ್ಚಿದಂತೆ ನಮ್ಮ ಮನೆಗೆ ಸುದ್ದಿಯ ಆಮದೂ ಹೆಚ್ಚಿತು. ಯಾರ ಮಗಳಿಗೆ ಗಂಡು ನೋಡಲು ಬಂದಿದ್ದರು, ಯಾರ ಮನೆಯ ಫ್ರಿಜ್ಜು ಯಾಕೆ ಕೆಟ್ಟಿತು, ಪದ್ಮಾವತಿಬಾಯಿಯವರ ಸೊಸೆಗೆ ವರ್ಗ ಆಯಿತೋ ಇಲ್ಲವೋ, ಎಲ್ಲ. ಯವ್ವ ಬಂದು ಗೋಡೆಗೆ ಒರಗಿ, ತಂಬಿಗೆ ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು ತುಂಡು ತುಂಡಾಗಿ ಹೇಳುತ್ತಿದ್ದಳು. ಸುಜಾತಾ ಆ ಹೊತ್ತಿಗೆ ಸರಿಯಾಗಿ ಚಹಾ ಮಾಡಿಕೊಂಡು ಎದುರಿಗೆ ಕೂರುತ್ತಿದ್ದಳು. ನಾನೂ ಪೇಪರು ಓದುವಂತೆ ನಟಿಸುತ್ತ ಎಲ್ಲವನ್ನೂ ಕೇಳುತ್ತಿದ್ದೆ. ವಯಸ್ಸಾದಂತೆ ಮನುಷ್ಯರಿಗೆ ಮಾತು ಹೆಚ್ಚುತ್ತದೆ ಎಂದು ಒಂದು ಸಿದ್ಧಾಂತವನ್ನೂ ಮಾಡಿಟ್ಟುಕೊಂಡಿದ್ದೆ. ಬೇಕಾದವರಿಗೆಲ್ಲ ಹೇಳುತ್ತಲೂ ಇದ್ದೆ, "ನಮ್ಮ ಯವ್ವಗ ಒಂದು ಓಣಿ ದಾಟಾಕ ಒಂದು ತಾಸು ಬೇಕು, ಅಷ್ಟು ಮಾತು."

ಆಗ ಓಣಿಗೆ ಹೊಸ ಪೈಪು ಬಂತು. ಹಳೆಯದು ಸಣ್ಣದು, ಏರಿನ ಮೇಲಿನ ಮನೆಗಳಿಗೆ ನೀರು ಹತ್ತುತ್ತಿರಲಿಲ್ಲ. ಬೆಳಗಿನ ಜಾವ ನಳ ತಿರುಗಿಸಿದರೆ ಬರೀ ಹುಶ್ ಎನ್ನುವ ಸದ್ದು. ದಪ್ಪ ಪೈಪು ಬರುತ್ತದೆಂದು ಓಣಿಯೆಲ್ಲ ಖುಷಿಪಟ್ಟಿತು. ನಾನಂತೂ ಖುಷಿಪಟ್ಟದ್ದು ಮಾತ್ರವಲ್ಲ, ಅಗೆಯುವವರ ಪಕ್ಕದಲ್ಲಿ ನಿಂತು ಪೈಪಿನ ಅಗಲ ಮತ್ತು ನೀರಿನ ವೇಗದ ಬಗ್ಗೆ ನಾಲ್ಕು ಮಾತು ಹೇಳಿ, ಅವರು ಗುದ್ದಲಿಯ ಮಣ್ಣನ್ನು ನನ್ನ ಕಾಲ ಮೇಲೆ ಹಾಕುವವರೆಗೂ ಅಲ್ಲೇ ಇದ್ದೆ. ಓಣಿ ಇಕ್ಕಟ್ಟು, ಪೈಪು ದಪ್ಪ. ಅದಕ್ಕೆ ಜಾಗ ಮಾಡಲು ಎರಡೂ ಬದಿಯ ಕಟ್ಟೆಗಳನ್ನು ಕಿತ್ತರು. ಎಲ್ಲರೂ ಒಪ್ಪಿಯೇ ಕೀಳಿಸಿದರು, ನೀರು ಬೇಕಲ್ಲ. ಮೇಲೆ ಸಿಮೆಂಟು ಬಳಿದರು. ಓಣಿ ಅಗಲವಾಗಿ ಚೆಂದ ಕಂಡಿತು.

ಅದಾದ ಮೇಲೆ ಒಂದು ಸಂಜೆ ನಾನು ಮಾನ್ವಿಯಿಂದ ಬಂದು ಏರು ಹತ್ತುತ್ತಿದ್ದೆ. ನಡುವೆ ಲೈಟಿನ ಕಂಬವನ್ನು ಎರಡೂ ಕೈಯಿಂದ ಹಿಡಿದು ಯಾರೋ ನಿಂತಿದ್ದರು. ಚೀಲ ಕೆಳಗೆ ಬಿದ್ದು ಪುಂಡಿಪಲ್ಲೆ ಅರ್ಧ ಹೊರಗೆ ಬಂದಿತ್ತು. ಹತ್ತಿರ ಹೋದರೆ ಯವ್ವ.

"ಯವ್ವಾ, ಇಲ್ಲ್ಯಾಕ ನಿಂತಿ?"

"ಕಂಬ... ನೋಡಾಕತ್ತೀನಿ."

"ಕಂಬದಾಗ ಏನದ?"

"ಏನೂ... ಇಲ್ಲ."

ಎರಡು ಶಬ್ದದ ನಡುವೆ ಒಂದು ಉಸಿರು. ತುಟಿಯ ಬಣ್ಣ ಹೋಗಿತ್ತು. ಸುತ್ತ ನೋಡಿದೆ. ಕೂರಿಸೋಣವೆಂದರೆ ಎಲ್ಲೂ ಒಂದು ಕಲ್ಲಿಲ್ಲ. ಆ ಕ್ಷಣದಲ್ಲಿ ನನ್ನ ಸಿದ್ಧಾಂತ, ಅದರ ಜೊತೆಗೆ ನನ್ನ ಪದವಿ, ಎರಡೂ ಆ ಸಿಮೆಂಟಿನ ಮೇಲೆ ಬಿದ್ದವು. ಯವ್ವ ಕಟ್ಟೆಗೆ ಕೂರುತ್ತಿದ್ದದ್ದು ಉಸಿರಿಗೆ. ಉಸಿರು ಕಮ್ಮಿಯಾದಷ್ಟೂ ಕಟ್ಟೆ ಹೆಚ್ಚಿದವು, ಕಟ್ಟೆ ಹೆಚ್ಚಿದಷ್ಟೂ ಸುದ್ದಿ ಹೆಚ್ಚಿತು, ಆ ಸುದ್ದಿಯನ್ನು ನಾವು ಚಹಾದ ಜೊತೆ ಸವಿಯುತ್ತ ಕೂತಿದ್ದೆವು. ಯಾಕೆ ಕೂತಿರಿ ಎಂದು ಕೇಳದ ಓಣಿಯಲ್ಲಿ ಯವ್ವ ಅದನ್ನು ಎಷ್ಟು ಸಲೀಸಾಗಿ ಮುಚ್ಚಿಟ್ಟುಕೊಂಡಿದ್ದಳು. ನನಗೆ ಅಳು ಬಂತು. ಪಲ್ಲೆ ಆರಿಸಿ ಚೀಲಕ್ಕೆ ತುಂಬುವ ನೆವದಲ್ಲಿ ಬಗ್ಗಿ ಅದನ್ನು ನುಂಗಿಕೊಂಡೆ.

ರಾಯಚೂರಿನಲ್ಲೇ ಹೃದಯದ ಡಾಕ್ಟರೊಬ್ಬರಿಗೆ ತೋರಿಸಿದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಸಮಾಧಾನ. ಯವ್ವನನ್ನು ಮಗ್ಗುಲಾಗಿ ಮಲಗಿಸಿ ಎದೆಯ ಮೇಲೆ ಯಂತ್ರದ ಹಿಡಿಕೆ ಇಟ್ಟು ಏನೋ ಒತ್ತಿದರು. ಕೋಣೆಯ ತುಂಬ ಸದ್ದಾಯಿತು: ಹುಶ್, ಹುಶ್, ಹುಶ್.

"ಇದ್ಯಾರ ಮನಿ ನಳ?" ಎಂದಳು ಯವ್ವ ಮಲಗಿದಲ್ಲಿಂದಲೇ.

"ನಿಮ್ಮದೇ ಅಜ್ಜಿ," ಎಂದರು ಡಾಕ್ಟರು.

ಆಮೇಲೆ ನನ್ನನ್ನು ಪರದೆಯ ಹತ್ತಿರ ಕರೆದರು. ಹೃದಯದಿಂದ ರಕ್ತ ಹೊರಹೋಗುವ ಬಾಗಿಲು ಪೆಡಸಾಗಿ ಇಕ್ಕಟ್ಟಾಗಿದೆ ಎಂದರು. ಎಷ್ಟು ಇಕ್ಕಟ್ಟು, ಹೇಗೆ ಗೊತ್ತಾಯಿತು ಎಂದು ಕೇಳಿದೆ. "ಬಾಗಲಾನ ನೇರ ಅಳಿಯೂದು ಕಷ್ಟರಿ ಸರ್. ಬಾಗಲಕ್ಕಿಂತ ಮೊದಲಿನ ಜಾಗ ಎಷ್ಟ ಅಗಲ ಅದ ಅಂತ ಗೊತ್ತು. ಅಲ್ಲಿ ರಕ್ತ ಎಷ್ಟ ಜೋರ ಓಡ್ತದ ಅಂತ ಗೊತ್ತು. ಬಾಗಲದಾಗ ಎಷ್ಟ ಜೋರ ಅಂತನೂ ಗೊತ್ತು. ಅಲ್ಲಿಂದ ಬಂದದ್ದೇ ಇಲ್ಲಿ ಹೋಗಬೇಕಲ್ರಿ. ಉಳಿದದ್ದು ಲೆಕ್ಕ." ಹೇಳಿ, ನೀವೇನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಲೋ ಬೇಡವೋ ಎಂದುಕೊಂಡೇ ಹೇಳಿದೆ. "ಹಂಗಾರ ನಿಮಗೇ ಚಲೋ ಗೊತ್ತಲ್ರಿ," ಎಂದು ನಕ್ಕರು.

ಗೊತ್ತಿತ್ತು. ಇಷ್ಟು ವರ್ಷ ನಾನು ಹಲಗೆಯ ಮೇಲೆ ಬರೆಯುತ್ತ ಬಂದ ಅದೇ ಪೈಪು. ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು. ಯಾರದೂ ಅಲ್ಲದ ಪೈಪಿನಲ್ಲಿ ಎಂಥದೋ ನೀರು ಹರಿಸಿ, ಉತ್ತರ ತೆಗೆದು, ಡಸ್ಟರಿನಿಂದ ಒರೆಸಿ ಬಸ್ಸು ಹಿಡಿಯುತ್ತಿದ್ದೆ. ಅದರೊಳಗೆ ನಮ್ಮ ಯವ್ವ ಇರಬಹುದು ಎಂದು ಎಂದೂ ಅನ್ನಿಸಿರಲಿಲ್ಲ.

ಹೈದರಾಬಾದಿಗೆ ಹೋದರೆ ಎದೆ ಕೊಯ್ಯದೆಯೇ ತೊಡೆಯ ರಕ್ತನಾಳದಿಂದ ತೂರಿಸಿ ಹೊಸ ಬಾಗಿಲು ಕೂರಿಸುತ್ತಾರೆ, ತಡಮಾಡಬೇಡಿ ಎಂದರು ಡಾಕ್ಟರು. ಬೇಗ ಆಗದಿದ್ದರೆ ಮುಂದೊಂದು ದಿನ ಕಂಬ ಹಿಡಿದು ನಿಂತರೂ ಉಸಿರು ಸಿಗುವುದಿಲ್ಲ ಎಂಬುದನ್ನು ಹೊರಗೆ ಕರೆದು ಮೆಲ್ಲಗೆ ಹೇಳಿದರು. ನಾವು ಒಪ್ಪಿದೆವು. ಯವ್ವ ಒಪ್ಪಲಿಲ್ಲ. ವಯಸ್ಸಾದ ಮೇಲೆ ದಮ್ಮು ಹತ್ತುವುದು ರೋಗವಲ್ಲ, ತನಗೇನೂ ಆಗಿಲ್ಲ, ಹೈದರಾಬಾದಿಗೆ ಬರುವುದಿಲ್ಲ. ಸುಜಾತಾ ಬೇಡಿಕೊಂಡಳು, ಸಿಟ್ಟು ಮಾಡಿದಳು, ಒಂದು ಹೊತ್ತು ಊಟವನ್ನೂ ಬಿಟ್ಟಳು. ಯವ್ವ ಅವಳ ಪಾಲಿನ ರೊಟ್ಟಿಯನ್ನು ಮುಚ್ಚಿಟ್ಟಳೇ ಹೊರತು ಜಗ್ಗಲಿಲ್ಲ.

ಕೊನೆಗೆ ಇದು ನನ್ನ ವಿಷಯ, ನಾನೇ ತಿಳಿಸಿ ಹೇಳಬೇಕು ಎಂದು ಒಂದು ಸಂಜೆ ಯವ್ವನ ಎದುರಿಗೆ ಕೂತೆ. ಅವಳು ಪಲ್ಲೆ ಸೋಸುತ್ತಿದ್ದಳು. ಜೀವನದಲ್ಲಿ ನಾನು ಮಾಡಿದ ಅತಿ ಮುಖ್ಯ ಪಾಠ ಅದು, ವಿದ್ಯಾರ್ಥಿನಿ ತಲೆ ಎತ್ತಿ ನೋಡುತ್ತಿರಲಿಲ್ಲ.

"ಯವ್ವಾ, ಗುಂಡಿಗಿ ಬಾಗಲಾ ಸಣ್ಣ ಆಗ್ಯಾದ. ಅದಕ್ಕ ರಗತ ಭಾಳ ಜೋರ ಓಡಾಕತ್ತದ."

"ಜೋರ ಓಡಿದ್ರ ಛಲೋ ಆತಲ್ಲ. ಓಡಂಗಿಲ್ಲ ಅಂತ ಎತ್ತು ಮಾರ್ತಾರ."

"ಹಂಗಲ್ಲ. ಎಷ್ಟ ಹೋಗಬೇಕೋ ಅಷ್ಟ ಹೋಗಾಕ ಅದು ಓಡಬೇಕಾಗ್ಯಾದ."

"ಹೋಗಬೇಕಾದಷ್ಟು ಹೋಗಾಕತ್ತದಲ್ಲ?"

"ಸದ್ಯಕ್ಕ ಹೋಗಾಕತ್ತದ."

"ಮತ್ತ ಕಮ್ಮಿ ಏನಾತು?"

ಸಮೀಕರಣದ ಪ್ರಕಾರ ಯವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಕಡೆಯಿಂದ ಬಂದದ್ದು ಈ ಕಡೆ ಹೋಗುತ್ತಿದೆ, ಎಡಕ್ಕೂ ಬಲಕ್ಕೂ ಸರಿಹೊಂದುತ್ತದೆ, ಪೂರ್ತಿ ಅಂಕ. ಆದರೆ ಅಷ್ಟನ್ನು ಆ ಸಂದಿಯಿಂದ ದಾಟಿಸಲು ಯಾರು ಬೆವರು ಸುರಿಸಬೇಕು ಎಂದು ಆ ಸಮೀಕರಣ ಹೇಳುವುದಿಲ್ಲ. ಅದಕ್ಕೆ ಅದು ಬೇಕಾಗಿಲ್ಲ. ನಾನು ಸಮೀಕರಣ ಬಿಟ್ಟು ಮಾತಾಡಿದೆ.

"ಕಮ್ಮಿ ಏನೂ ಆಗಿಲ್ಲ ಯವ್ವಾ. ಮೊದಲಿನಷ್ಟ ಕೆಲಸಕ್ಕ ನಿನ್ನ ಗುಂಡಿಗಿ ಈಗ ಎರಡಾಳಿನ ದುಡಿಮಿ ಮಾಡಾಕತ್ತದ."

ಸೋಸುವ ಕೈ ನಿಧಾನವಾಯಿತು. "ಯಾವಾಗಿಂದ?"

"ಭಾಳ ದಿನಾತು ಅಂದ್ರು ಡಾಕ್ಟರು."

"ರಾತ್ರಿನೂ?"

"ರಾತ್ರಿನೂ. ನೀ ಮಲಗಿದ್ರೂ ಅದು ಮಲಗಂಗಿಲ್ಲ."

"ನಡುವ ಒಂದು ಗಳಿಗಿ ಕುಂದ್ರಂಗಿಲ್ಲೇನು?"

"ಅದು ಕುಂತ್ರ ನಡಿಯಂಗಿಲ್ಲ ಯವ್ವಾ."

ಯವ್ವ ಪಲ್ಲೆ ಬಿಟ್ಟು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಳು. ನೋವಾದವರು ಇಟ್ಟುಕೊಳ್ಳುವ ಹಾಗಲ್ಲ, ಮಗ್ಗುಲ ಸಾಲಿನಲ್ಲಿ ಹತ್ತಿ ಬಿಡಿಸುವವಳ ಬೆನ್ನ ಮೇಲೆ ಇಡುವ ಹಾಗೆ. "ಪಾಪ," ಎಂದಳು, "ಬಾಯಿ ಬಿಟ್ಟು ಒಂದು ಮಾತು ಅಂದಿಲ್ಲ ನೋಡು ಅದು." ಅದನ್ನು ಹೇಳುತ್ತಿರುವವಳು ಯಾರು ಎಂದು ನನಗೆ ಹೇಳಬೇಕೆನಿಸಿತು. ಅಷ್ಟರಲ್ಲಿ ತಾನೇ ಕೇಳಿದಳು, "ಹೈದರಾಬಾದಿಗೆ ಯಾವಾಗ ಹೋಗೂದು?"

ಹೈದರಾಬಾದಿನ ಆಸ್ಪತ್ರೆಯಲ್ಲಿ ಯವ್ವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನನಗೆ ಹೆದರಿಕೆಯಾಯಿತು. ಬಾಗಿಲು ಮುಚ್ಚಿತು. ಒಳಗೆ ಹೋದದ್ದು ಹೊರಗೆ ಬರಬೇಕು ಎಂಬ ಮಾತನ್ನು ಕಾಲೇಜಿನಲ್ಲಿ ಸಾವಿರ ಸಲ ಹೇಳಿದ್ದೇನೆ, ಅಲ್ಲಿ ಪ್ಲಾಸ್ಟಿಕ್ಕಿನ ಕುರ್ಚಿಯ ಮೇಲೆ ಕೂತು ಅದನ್ನು ಹೇಳಿಕೊಂಡದ್ದು ಬೇರೆ. ನನಗೆ ದೇವರಿಗೆ ಹರಕೆ ಹೊರುವ ಅಭ್ಯಾಸವಿಲ್ಲ, ಆ ದಿನ ನಿಯಮಕ್ಕೇ ಕೈ ಮುಗಿದೆ. ಸುಜಾತಾ ನನ್ನ ಅಂಗಿಯ ತೋಳು ಹಿಡಿದು ಕೂತಿದ್ದಳು.

ಬಹಳ ಹೊತ್ತಿನ ಮೇಲೆ ಡಾಕ್ಟರು ಬಂದರು. ತೆಲುಗು ಕಲೆತ ಕನ್ನಡದಲ್ಲಿ ಎಲ್ಲ ಸುಸೂತ್ರ ಆಯಿತು ಎಂದರು. ಹೊಸ ಬಾಗಿಲು ಚೆನ್ನಾಗಿ ತೆರೆಯುತ್ತಿದೆ, ರಕ್ತದ ವೇಗ ತುಂಬ ಕಡಿಮೆಯಾಗಿದೆ ಎಂದರು.

"ಕಡಿಮಿ ಆಯ್ತಾ?" ನಾನು ಗಾಬರಿಯಿಂದ ಎದ್ದು ನಿಂತೆ. "ಯಾಕ್ ಸರ್, ಏನಾಯ್ತು?"

ಸುಜಾತಾ ತೋಳು ಜಗ್ಗಿ ಕೂರಿಸಿದಳು. "ಬಾಗಲಾ ಅಗಲ ಆದ್ರ ನಿಧಾನ ಹೋಗ್ತದ ಅಂತ ನೀವೇ ಅಲ್ಲೇನ್ರಿ ಹೇಳೂದು?" ಡಾಕ್ಟರು ಅವಳನ್ನು ನೋಡಿ, "ಮೇಡಂ ಫಿಜಿಕ್ಸ್ ಟೀಚರಾ?" ಎಂದು ಕೇಳಿದರು. ಹೌದು ಎಂದುಬಿಟ್ಟಳು. ಅಂದಿನಿಂದ ತಪ್ಪು ಉತ್ತರ ಹೇಳುವ ಮಕ್ಕಳ ಮೇಲೆ ನಾನು ರೇಗುವುದನ್ನು ಬಿಟ್ಟಿದ್ದೇನೆ. ಹೆದರಿದಾಗ ಎಲ್ಲರೂ ಹಿಂದಿನ ಬೆಂಚಿನವರೇ.

ಯವ್ವ ಮನೆಗೆ ಬಂದಳು. ಸ್ವಲ್ಪ ದಿನ ಮನೆಯೊಳಗೇ ಓಡಾಡಿದಳು. ಆಮೇಲೆ ಡಾಕ್ಟರು ಹೊರಗೆ ನಡೆಯಲು ಹೇಳಿದರು. ಮೊದಲ ಸಂಜೆ ಚೀಲ ಹಿಡಿದು ಇಳಿದವಳು, ಸುಜಾತಾ ಚಹಾಕ್ಕೆ ನೀರು ಇಡುವಷ್ಟರಲ್ಲಿ ಏರು ಹತ್ತಿ ಬಂದುಬಿಟ್ಟಿದ್ದಳು. ಎಲ್ಲೂ ಕೂರಲಿಲ್ಲ, ನಿಲ್ಲಲಿಲ್ಲ. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಆ ಸಂತೋಷವನ್ನು ಹೇಗೆ ಹೇಳಲಿ, ಇಡೀ ಓಣಿ ನಮ್ಮ ಮನೆಯ ಕಡೆಗೆ ಏರಿ ಬಂದಂತೆ ಆಯಿತು. ಚಹಾ ಆಯಿತು. ಸುಜಾತಾ ಎದುರಿಗೆ ಕೂತು ಕೇಳಿದಳು, "ಏನ್ ಸುದ್ದಿ ಅತ್ತಿ?"

"ಏನೂ ಇಲ್ಲ."

ಮರುದಿನವೂ ಏನೂ ಇರಲಿಲ್ಲ. ಮೂರನೆಯ ಸಂಜೆಗೆ ನಾನು ಪೇಪರನ್ನು ನಿಜವಾಗಿಯೇ ಓದತೊಡಗಿದ್ದೆ. ಯವ್ವನ ಎದೆಯ ದಾರಿ ಅಗಲವಾಗಿ, ಓಣಿಯ ದಾರಿಯೂ ಅಗಲವಾಗಿ, ನಮ್ಮ ಮನೆಗೆ ಬರುತ್ತಿದ್ದ ಊರ ಸುದ್ದಿ ನಿಂತುಹೋಯಿತು. ಆರೋಗ್ಯವೆಂದರೆ ಇಷ್ಟು ಸಪ್ಪೆಯಾಗಿರುತ್ತದೆಯೇ ಎಂದು ಸುಜಾತಾ ನನ್ನ ಕಿವಿಯಲ್ಲಿ ಕೇಳಿದಳು. ನಾಲಿಗೆ ಕಚ್ಚಿಕೊಂಡಳು.

ಒಂದು ವಾರ ಕಳೆದಿರಬೇಕು. ಮಾನ್ವಿಯಿಂದ ಬಂದು ಏರು ಹತ್ತುತ್ತಿದ್ದಾಗ ಖಾಸಿಂಬಿಯ ಮನೆಯ ಮುಂದೆ ಯವ್ವ ಕೂತಿರುವುದು ಕಂಡಿತು. ಕಟ್ಟೆ ಇದ್ದಲ್ಲಿ ಖಾಸಿಂಬಿ ತನ್ನ ಮಷೀನಿನ ಸ್ಟೂಲು ತಂದು ಹಾಕಿದ್ದಳು, ಪದ್ಮಾವತಿಬಾಯಿಯವರು ಮೇಲಿನಿಂದ ಮಡಚುವ ಕುರ್ಚಿ ತಂದು ಪಕ್ಕದಲ್ಲಿ ಕೂತಿದ್ದರು. ನಾನು ಹೆಚ್ಚೂ ಕಡಿಮೆ ಓಡಿದೆ.

"ಯವ್ವಾ, ದಮ್ಮು ಹತ್ತಾಕತ್ತದೇನು?"

ಯವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ದಮ್ಮು ಹತ್ತಿದ್ದು ನನಗೆ.

"ಇಲ್ಲಪಾ. ಆಗ ಮಾತಾಡಾಕ ದಮ್ಮು ಇರಲಿಲ್ಲ, ಬರೇ ಕುಂದರ್ತಿದ್ದೆ. ಇವರು ಹೇಳತಿದ್ರು, ನಾ ಕೇಳತಿದ್ದೆ. ಇಷ್ಟ ವರ್ಷ ಇವರದೆಲ್ಲಾ ಕೇಳೀನಿ, ನಂದೊಂದು ಮಾತು ಹೇಳಿಲ್ಲ. ಈಗ ನಾ ಹೇಳಾಕತ್ತೀನಿ."

ಮಾತು ಹೆಚ್ಚು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಯವ್ವ ಆ ಕಟ್ಟೆಗಳ ಮೇಲೆ ಕೂತು ಒಂದು ಮಾತೂ ಆಡಿರಲಿಲ್ಲ. ಆಡಲು ಉಸಿರಿರಲಿಲ್ಲ. ಅವಳು ಸುಮ್ಮನಿದ್ದಳೆಂದೇ ಉಳಿದವರು ಅಷ್ಟು ಮಾತಾಡಿದ್ದರು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ದಾಟಿಸಿಬಿಡುತ್ತಿದ್ದ ಆ ಮೂರನೆಯ ಭಾಗ, ಒಳಗೇ ಕೂಡಿಕೊಂಡದ್ದು, ಸ್ಟೂಲಿನ ಮೇಲೆ ಕೂತು ಹೊರಗೆ ಬರುತ್ತಿತ್ತು.

"ಸರ್," ಎಂದಳು ಖಾಸಿಂಬಿ, ಬಾಯಿಗೆ ಸೆರಗು ಅಡ್ಡ ಹಿಡಿದು, "ಬೆಲ್ಲದ ಗಡಿಗಿ ಕೈಗೆ ಹಾಕ್ಕೊಂಡು ಸಾಲಿಗೆ ಹೋಗಿದ್ರಂತ, ಖರೇ ಏನ್ರಿ?"

ಖರೆ. ಸಣ್ಣ ಬಾಯಿಯ ಗಡಿಗೆಯಲ್ಲಿ ಬೆಲ್ಲಕ್ಕೆಂದು ಕೈ ಹಾಕಿದ್ದೆ, ಮುಷ್ಟಿ ಬಿಡದೆ ಕೈ ಹೊರಗೆ ಬರುತ್ತಿರಲಿಲ್ಲ, ಬೆಲ್ಲ ಬಿಡಲು ಮನಸ್ಸೂ ಬಂದಿರಲಿಲ್ಲ, ಗಡಿಗೆಯ ಸಮೇತ ಶಾಲೆಗೆ ಹೋಗಿದ್ದೆ. ಒಳಗೆ ಹೋದದ್ದು ಹೊರಗೆ ಬರಲೇಬೇಕು ಎಂದು ಕಲಿಸುವವನ ಬಾಲ್ಯ ಹೀಗಿತ್ತು ಎಂಬುದು ನಾಳೆಗೆ ಓಣಿಯ ಪ್ರತಿ ಮನೆಗೂ, ನಾಡಿದ್ದು ಬಹುಶಃ ಮಾನ್ವಿಗೂ ತಲುಪುತ್ತದೆ. ಪದ್ಮಾವತಿಬಾಯಿಯವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಸಾಕು ಬಾ ಯವ್ವ ಎಂದು ಕೈ ಹಿಡಿದು ಎಬ್ಬಿಸಬೇಕೆಂದುಕೊಂಡೆ.

"ಗಡಿಗಿ ಒಡಿತೀನಿ ಬಾರಲೇ ಅಂದ್ರ ಕೇಳಲಿಲ್ಲ, ಒಡದ್ರ ನಿನ್ನ ಒಂದು ದಿನದ ಕೂಲಿ ಹೋಗ್ತದ ಬೇ ಅಂತ ಹಂಗ ಓಡಿದ, ನಾ ಹಿಂದ, ಇಂವ ಮುಂದ, ಹೊಲ ದಾಟಿ ಹಳ್ಳ ದಾಟಿ ಸಾಲಿ ಕಟ್ಟಿ ತನಕ ಓಡಿದ್ವಿ ನೋಡ್ರಿ, ಮಾಸ್ತರು ಬಾಗಲದಾಗ ನಿಂತಿದ್ರು..."

ಯವ್ವ ಹೇಳುತ್ತಲೇ ಇದ್ದಳು. ನಡುವೆ ಎಲ್ಲೂ ನಿಲ್ಲಲಿಲ್ಲ, ಗೋಡೆಗೆ ಒರಗಲಿಲ್ಲ, ನೀರು ಕೇಳಲಿಲ್ಲ. ಅಷ್ಟು ಉದ್ದದ ಮಾತನ್ನು ಯವ್ವನ ಬಾಯಿಂದ ನಾನು ಕೇಳಿ ಎಷ್ಟು ವರ್ಷವಾಗಿತ್ತೋ. ಚೀಲವನ್ನು ಸಿಮೆಂಟಿನ ಮೇಲೆ ಇಟ್ಟು, ಅದರ ಪಕ್ಕದಲ್ಲೇ ಕೂತೆ.

"ಆಮ್ಯಾಲ ಏನಾತು ಯವ್ವಾ?" ಎಂದೆ.